ಪ್ರೌಢಶಾಲೆಯಲ್ಲಿ ಕಂಪ್ಯೂಟರ್ ಸೈನ್ಸ್ ಕಲಿಸಲು ಶಿಕ್ಷಕರನ್ನು ತಯಾರು ಮಾಡುವುದು: ಒಂದು ವರ್ಷದ ಸಮಗ್ರ ಮಾರ್ಗದರ್ಶಿ

ಹೈಸ್ಕೂಲಿನಲ್ಲಿ ಕಂಪ್ಯೂಟರ್ ಸೈನ್ಸ್ ಶುರು ಮಾಡೋಣ ಎಂದ ಕೂಡಲೇ ಮಾತು ಲ್ಯಾಬ್ ಕಡೆಗೆ ಹೋಗುತ್ತದೆ. ಎಷ್ಟು ಕಂಪ್ಯೂಟರ್ ಬೇಕು, ಯುಪಿಎಸ್ ಇದೆಯಾ, ಕಿಟಕಿಗೆ ಗ್ರಿಲ್ ಹಾಕಿಸಿದ್ದಾರಾ. ಪಾಠ ಮಾಡುವವರು ಯಾರು ಎಂಬ ಪ್ರಶ್ನೆ ಕೊನೆಗೆ ಬರುತ್ತದೆ. ಆಗ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: "ಗಣಿತ ಮೇಷ್ಟ್ರಿಗೆ ಐದು ದಿನ ಟ್ರೈನಿಂಗ್ ಕೊಡಿಸಿದರಾಯಿತು."

ಐದು ದಿನದಲ್ಲಿ ಆಗುವುದಿಲ್ಲ. ಒಂದು ವರ್ಷದಲ್ಲಿ ಖಂಡಿತ ಆಗುತ್ತದೆ, ಅದೂ ಇರುವ ಶಿಕ್ಷಕರಿಂದಲೇ. ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಉಪನ್ಯಾಸಕರು, ಸಂಪನ್ಮೂಲ ವ್ಯಕ್ತಿಗಳು, ಮುಖ್ಯ ಶಿಕ್ಷಕರು, ಶಾಲೆ ನಡೆಸುವ ಆಡಳಿತ ಮಂಡಳಿಯವರು ಈ ವರ್ಷವನ್ನು ಹೇಗೆ ಹಂಚಿಕೊಳ್ಳಬಹುದು ಎಂದು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲು ಎರಡು ಉದಾಹರಣೆ ನೋಡಿ. ಇಂಗ್ಲೆಂಡಿನ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ನಡೆಯುತ್ತಿರುವ ರೀತಿ ಸರಿಯಿಲ್ಲ ಎಂದು ಅಲ್ಲಿನ ವಿಜ್ಞಾನಿಗಳ ಸಂಸ್ಥೆ ರಾಯಲ್ ಸೊಸೈಟಿ 2012ರಲ್ಲಿ ವರದಿ ಕೊಟ್ಟಿತು. 2014ರ ಸೆಪ್ಟೆಂಬರ್‌ನಿಂದ ಅಲ್ಲಿ 'ಕಂಪ್ಯೂಟಿಂಗ್' ಎಂಬ ಹೊಸ ಪಠ್ಯಕ್ರಮ ಬಂತು. 2017ರಲ್ಲಿ ಅದೇ ಸಂಸ್ಥೆ ಮತ್ತೆ ಪರಿಶೀಲಿಸಿದಾಗ, ಬಹಳಷ್ಟು ಶಿಕ್ಷಕರಿಗೆ ಈ ವಿಷಯ ಕಲಿಸುವ ತಯಾರಿಯೇ ಸಾಲದು ಎಂಬುದು ಕಂಡಿತು. ಆಮೇಲೆ 2018ರಲ್ಲಿ ಸರ್ಕಾರ 8.4 ಕೋಟಿ ಪೌಂಡ್ ಇಟ್ಟು ಶಿಕ್ಷಕರ ತಯಾರಿಗೆಂದೇ ರಾಷ್ಟ್ರೀಯ ಕೇಂದ್ರ ತೆರೆಯಿತು. ಪುಸ್ತಕ ಮೊದಲು ಬಂತು, ಶಿಕ್ಷಕರ ತಯಾರಿ ನಾಲ್ಕು ವರ್ಷ ತಡವಾಯಿತು. ಪಕ್ಕದ ಕೇರಳದಲ್ಲಿ 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆ (2017ರಿಂದ ಅದು 'ಕೈಟ್' ಎಂಬ ಸಂಸ್ಥೆ) ಬೇರೆ ದಾರಿ ಹಿಡಿಯಿತು. ಶಾಲೆಯ ಶಿಕ್ಷಕರನ್ನೇ ಮಾಸ್ಟರ್ ಟ್ರೈನರ್ ಮಾಡಿ, ಸ್ವತಂತ್ರ ತಂತ್ರಾಂಶ ಬಳಸಿ, ವರ್ಷಗಟ್ಟಲೆ ಜೊತೆಯಲ್ಲಿ ಉಳಿಯಿತು. ನಮಗೆ ಹೊಂದುವುದು ಈ ದಾರಿ.

ಹೆಜ್ಜೆ 1: ಒಂದು ಶಾಲೆಯಿಂದ ಇಬ್ಬರನ್ನು ಕರೆಯಿರಿ

ಒಬ್ಬರನ್ನೇ ಕರೆದರೆ ಅವರು ಶಾಲೆಗೆ ವಾಪಸ್ ಹೋದ ಮೇಲೆ ಒಂಟಿ. ಅನುಮಾನ ಬಂದರೆ ಕೇಳಲು ಯಾರೂ ಇರುವುದಿಲ್ಲ. ವರ್ಗಾವಣೆ ಆಯಿತೆಂದರೆ ವಿಷಯವೂ ಅವರ ಜೊತೆಗೇ ಹೋಗುತ್ತದೆ. ಹಾಗಾಗಿ ಇಬ್ಬರು ಬೇಕು.

ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕರು ಸಹಜ ಆಯ್ಕೆ. ಆದರೆ ಭಾಷಾ ಶಿಕ್ಷಕರನ್ನು ಬಿಡಬೇಡಿ. ಸಂಧಿ, ಸಮಾಸವನ್ನು ನಿಯಮ, ಉದಾಹರಣೆ, ವಿನಾಯಿತಿ ಎಂದು ಬಿಡಿಸಿ ಹೇಳಿ ಅಭ್ಯಾಸವಿರುವ ಕನ್ನಡ ಮೇಡಂ ಕೋಡ್ ಅನ್ನೂ ಹಾಗೆಯೇ ಬಿಡಿಸಿ ಹೇಳಬಲ್ಲರು. ತಪ್ಪು ಆಯ್ಕೆ ಯಾವುದೆಂದರೆ, ಪ್ರಿಂಟರ್ ಸರಿ ಮಾಡುತ್ತಾರೆ, ಮಕ್ಕಳ ಮಾಹಿತಿ ತುಂಬುವ ಸ್ಯಾಟ್ಸ್‌ನಲ್ಲಿ ಬೇಗ ಎಂಟ್ರಿ ಮಾಡುತ್ತಾರೆ ಎಂಬ ಕಾರಣಕ್ಕೆ ಆರಿಸುವುದು. ಅದು ಉಪಯೋಗದ ಕೌಶಲವೇ, ಆದರೆ ಪಾಠ ಮಾಡಲು ಬೇಕಾದದ್ದು ಬೇರೆ. "ಈ ಮಗು ಯಾಕೆ ಹೀಗೆ ಉತ್ತರ ಬರೆಯಿತು?" ಎಂದು ಯೋಚಿಸುವ ಸ್ವಭಾವ ಇರುವವರನ್ನು ಹುಡುಕಿ.

ಹೆಜ್ಜೆ 2: ಏನು ಕಲಿಸುತ್ತೇವೆ ಎಂದು ಒಂದೇ ಹಾಳೆಯಲ್ಲಿ ಬರೆಯಿರಿ

ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿಯ ಟಾಲ್ಪ್ (ತಂತ್ರಜ್ಞಾನ ಬಳಸಿ ಕಲಿಸುವ) ತರಬೇತಿ ಪಡೆದ ಶಿಕ್ಷಕರು ನಮ್ಮಲ್ಲಿ ಬಹಳ ಜನ ಇದ್ದಾರೆ. ಅಲ್ಲಿ ಕಲಿತದ್ದು, ಕಂಪ್ಯೂಟರ್ ಬಳಸಿ ತಮ್ಮ ತಮ್ಮ ವಿಷಯ ಕಲಿಸುವುದು. ಈಗ ಬೇಕಿರುವುದು ಕಂಪ್ಯೂಟರ್ ಹೇಗೆ ಕೆಲಸ ಮಾಡುತ್ತದೆ, ಅದಕ್ಕೆ ಕೆಲಸ ಹೇಳುವುದು ಹೇಗೆ ಎಂಬುದನ್ನು ಕಲಿಸುವುದು. ಎರಡೂ ಬೇರೆ ಎಂದು ಮೊದಲ ದಿನವೇ ಸ್ಪಷ್ಟವಾಗಲಿ. ಸ್ಲೈಡ್ ಮಾಡುವುದು, ಫೈಲ್ ಸೇವ್ ಮಾಡುವುದು ಕೂಡ ಬೇಕು, ಆದರೆ ಅಲ್ಲಿಗೇ ನಿಂತರೆ ಕಂಪ್ಯೂಟರ್ ಸೈನ್ಸ್ ಶುರುವೇ ಆಗಿಲ್ಲ.

8ನೇ ತರಗತಿಯಿಂದ ಶುರು ಮಾಡಿ. 10ನೇ ತರಗತಿಗೆ ಎಸ್ಸೆಸ್ಸೆಲ್ಸಿ ಒತ್ತಡ, ಅಲ್ಲಿ ಹೊಸ ಪೀರಿಯಡ್ ಸಿಗುವುದೇ ಕಷ್ಟ. ಮೊದಲ ವರ್ಷಕ್ಕೆ ಇಷ್ಟು ಸಾಕು: ಮಾಹಿತಿ ಅಂಕಿಯಾಗಿ ಉಳಿಯುವ ರೀತಿ, ಹುಡುಕುವ ಮತ್ತು ಜೋಡಿಸುವ ವಿಧಾನಗಳು, ಬ್ಲಾಕ್ ಜೋಡಿಸಿ ಪ್ರೋಗ್ರಾಂ ಮಾಡುವ ಸ್ಕ್ರ್ಯಾಚ್‌ನಲ್ಲಿ ಅನುಕ್ರಮ, ಪುನರಾವರ್ತನೆ, ಷರತ್ತು ಮತ್ತು ವೇರಿಯಬಲ್ (ಒಂದು ಬೆಲೆಯನ್ನು ನೆನಪಿಡಲು ಕೊಟ್ಟ ಹೆಸರು). ಟೈಪ್ ಮಾಡಿ ಕೋಡ್ ಬರೆಯುವ ಪೈಥಾನ್ ಭಾಷೆ 9ನೇ ತರಗತಿಗೆ ಇರಲಿ. ಕೃತಕ ಬುದ್ಧಿಮತ್ತೆ, ರೋಬೋಟು ಎಂದು ಆಸೆಪಡುವ ಪೋಷಕರು ಇರುತ್ತಾರೆ. ಅವರಿಗೆ ಸಮಾಧಾನವಾಗಿ ಹೇಳಿ, ಅಡಿಪಾಯ ಇಲ್ಲದೆ ಅದು ನಿಲ್ಲುವುದಿಲ್ಲ ಅಲ್ವಾ?

ಹೆಜ್ಜೆ 3: ಮೊದಲ ಎರಡು ದಿನ ಕಂಪ್ಯೂಟರ್ ಆನ್ ಮಾಡಬೇಡಿ

ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಐದು ದಿನದ ಮೊದಲ ಸುತ್ತು ಇಟ್ಟುಕೊಳ್ಳಿ. ಅದರಲ್ಲಿ ಎರಡು ದಿನ ಕಾರ್ಡು, ಸೀಮೆಸುಣ್ಣ, ನೆಲ ಇಷ್ಟರಲ್ಲೇ ಕಳೆಯಲಿ. ನ್ಯೂಜಿಲೆಂಡಿನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದ ಟಿಮ್ ಬೆಲ್ ಮತ್ತು ಜೊತೆಯವರು 1990ರ ದಶಕದಲ್ಲಿ ಬೆಳೆಸಿದ 'ಅನ್‌ಪ್ಲಗ್ಡ್' ಚಟುವಟಿಕೆಗಳು ಇದಕ್ಕೆಂದೇ ಇವೆ. ಕರೆಂಟ್ ಹೋದ ದಿನವೂ ಪಾಠ ನಡೆಯುತ್ತದೆ ಎಂಬ ಧೈರ್ಯ ಶಿಕ್ಷಕರಿಗೆ ಇಲ್ಲಿ ಬರುತ್ತದೆ.

ಐದು ರಟ್ಟಿನ ಕಾರ್ಡು ತೆಗೆದುಕೊಳ್ಳಿ. ಅವುಗಳ ಮೇಲೆ 16, 8, 4, 2, 1 ಚುಕ್ಕೆ ಇಡಿ. ಐವರು ಶಿಕ್ಷಕರು ಸಾಲಾಗಿ ನಿಂತು ಚುಕ್ಕೆ ಕಾಣದಂತೆ ಒಂದೊಂದು ಹಿಡಿಯಲಿ. "19 ತೋರಿಸಿ" ಎನ್ನಿ. 16, 2, 1 ಇರುವವರು ಕಾರ್ಡು ತಿರುಗಿಸುತ್ತಾರೆ, ಉಳಿದವರು ಸುಮ್ನೆ ನಿಲ್ಲುತ್ತಾರೆ. ತೋರಿಸಿದರೆ 1, ಇಲ್ಲದಿದ್ದರೆ 0. ಬೋರ್ಡಿನ ಮೇಲೆ 10011 ಎಂದು ಬರೆಯಿರಿ. ಈಗ ಕೇಳಿ: ಈ ಐದರಿಂದ ಎಷ್ಟರವರೆಗೆ ಹೋಗಬಹುದು? 31. ಆರನೇ ಕಾರ್ಡಿನಲ್ಲಿ ಎಷ್ಟು ಚುಕ್ಕೆ? 32. ಬೈನರಿ ಎಂಬ ಹೆಸರನ್ನು ಇದೆಲ್ಲ ಮುಗಿದ ಮೇಲೆ ಹೇಳಿ, ಮೊದಲೇ ಬೇಡ.

ಇಲ್ಲಿಂದ ಅಕ್ಷರಕ್ಕೆ ಬನ್ನಿ. ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ 'ಕ' ಅಕ್ಷರಕ್ಕೆ 3221 ಎಂಬ ಸಂಖ್ಯೆ. 'ಕನ್ನಡ' ಎಂಬ ಪದ ಕಂಪ್ಯೂಟರಿಗೆ 3221, 3240, 3277, 3240, 3233. ನಮ್ಮ ಕಣ್ಣಿಗೆ ಮೂರು ಅಕ್ಷರ, ಅದರ ಲೆಕ್ಕಕ್ಕೆ ಐದು. ಯಾಕೆ? 'ನ್ನ' ಎಂಬ ಒತ್ತಕ್ಷರ ಅಲ್ಲಿ ನ, ಅರ್ಧಾಕ್ಷರದ ಚಿಹ್ನೆ, ಮತ್ತೆ ನ ಎಂದು ಮೂರಾಗಿ ಇರುತ್ತದೆ. ಪೈಥಾನ್‌ಗೆ 'ಕನ್ನಡ' ಪದದ ಉದ್ದ ಕೇಳಿದರೂ 5 ಎಂದೇ ಹೇಳುತ್ತದೆ. ಇಂಗ್ಲಿಷ್ ಪುಸ್ತಕಗಳಲ್ಲಿ ಈ ಉದಾಹರಣೆ ಸಿಗುವುದಿಲ್ಲ. ನಮ್ಮ ಮಕ್ಕಳಿಗೆ ಮಾತ್ರ ಇದು ಮರೆಯುವುದಿಲ್ಲ.

ಎರಡನೇ ದಿನ ಜೋಡಿಸುವ ಆಟ. ಎಂಟು ಜನ ನಿಲ್ಲಲಿ. ಪ್ರಾರ್ಥನೆಯ ಸಾಲಿನಂತೆ ಎತ್ತರದ ಪ್ರಕಾರ ಬರಬೇಕು, ಆದರೆ ಅಕ್ಕಪಕ್ಕದ ಇಬ್ಬರನ್ನು ಮಾತ್ರ ಹೋಲಿಸಬೇಕು. ಒಬ್ಬರು ಹೋಲಿಕೆಗಳನ್ನು ಎಣಿಸಲಿ. ಕೊನೆಯವರೆಗೂ ಮಾಡಿದರೆ 28 ಆಗುತ್ತದೆ. 16 ಜನ ಆದರೆ? ಹೆಚ್ಚಿನವರು 56 ಎನ್ನುತ್ತಾರೆ. ಲೆಕ್ಕ ಹಾಕಿದರೆ 120 ಬರುತ್ತದೆ. ಜನ ಎರಡರಷ್ಟಾದರೆ ಕೆಲಸ ನಾಲ್ಕರಷ್ಟಕ್ಕಿಂತ ಜಾಸ್ತಿ. ಒಳ್ಳೆಯ ವಿಧಾನ ಯಾಕೆ ಬೇಕು ಎಂಬುದಕ್ಕೆ ಬೇರೆ ಭಾಷಣ ಬೇಡ.

ಹೆಜ್ಜೆ 4: ಬರೆಯುವ ಮೊದಲು ಓದಿಸಿ

ಹೊಸಬರಿಗೆ ಖಾಲಿ ಪರದೆ ಕೊಟ್ಟು "ಪ್ರೋಗ್ರಾಂ ಬರೆಯಿರಿ" ಎನ್ನುವುದು ಅನ್ಯಾಯ. ನಾವು ಮಕ್ಕಳಿಗೆ ಪ್ರಬಂಧ ಬರೆಯಲು ಹೇಳುವ ಮೊದಲು ಎಷ್ಟು ಪಾಠ ಓದಿಸುತ್ತೇವೆ! ಕೋಡ್‌ಗೂ ಅದೇ ನ್ಯಾಯ.

ಇಂಗ್ಲೆಂಡಿನ ಸ್ಯೂ ಸೆಂಟೆನ್ಸ್ ಮತ್ತು ಜೊತೆಯವರು ರೂಪಿಸಿದ 'ಪ್ರಿಮ್' ವಿಧಾನದಲ್ಲಿ ಐದು ಮೆಟ್ಟಿಲು. ಸಿದ್ಧ ಕೋಡ್ ನೋಡಿ ಏನಾಗುತ್ತದೆ ಎಂದು ಊಹಿಸುವುದು, ಓಡಿಸಿ ನೋಡುವುದು, ಸಾಲು ಸಾಲಾಗಿ ಪರೀಕ್ಷಿಸುವುದು, ಸ್ವಲ್ಪ ಬದಲಿಸುವುದು, ಕೊನೆಗೆ ಸ್ವಂತದ್ದು ಮಾಡುವುದು. ಮೊದಲ ಮೆಟ್ಟಿಲನ್ನು ಯಾರೂ ಹಾರಬಾರದು. ಊಹೆಯನ್ನು ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆದ ಮೇಲೆಯೇ ರನ್ ಒತ್ತಬೇಕು. ಬರೆಯದೆ ಒತ್ತಿದರೆ "ನಾನೂ ಹಾಗೇ ಅಂದುಕೊಂಡಿದ್ದೆ" ಎಂದು ಎಲ್ಲರೂ ಹೇಳಿಬಿಡುತ್ತೇವೆ, ಕಲಿಕೆ ಅಲ್ಲಿಗೆ ನಿಲ್ಲುತ್ತದೆ.

ಇನ್ನೊಂದು ಉಪಯುಕ್ತ ಅಭ್ಯಾಸ 'ಪಾರ್ಸನ್ಸ್' ಲೆಕ್ಕ. ನ್ಯೂಜಿಲೆಂಡಿನ ಡೇಲ್ ಪಾರ್ಸನ್ಸ್ ಮತ್ತು ಪ್ಯಾಟ್ರಿಷಿಯಾ ಹೇಡನ್ 2006ರಲ್ಲಿ ಇದನ್ನು ಮುಂದಿಟ್ಟರು. ಸರಿಯಾದ ಪ್ರೋಗ್ರಾಂನ ಸಾಲುಗಳನ್ನು ಕತ್ತರಿಸಿ ಕಲಸಿ ಕೊಡುವುದು, ಮಕ್ಕಳು ಕ್ರಮವಾಗಿ ಜೋಡಿಸುವುದು. ಟೈಪಿಂಗ್ ಬೇಡ, ಸ್ಪೆಲಿಂಗ್ ಭಯ ಇಲ್ಲ. ಕಾಗದ ಮತ್ತು ಕತ್ತರಿ ಇದ್ದರೆ ನಲವತ್ತು ಮಕ್ಕಳಿಗೂ ಒಟ್ಟಿಗೇ ಮಾಡಿಸಬಹುದು.

ತಂತ್ರಾಂಶದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಎಂಐಟಿ ಮೀಡಿಯಾ ಲ್ಯಾಬ್ 2007ರಲ್ಲಿ ಹೊರತಂದ ಸ್ಕ್ರ್ಯಾಚ್ ಇಂಟರ್ನೆಟ್ ಇಲ್ಲದೆಯೂ ನಡೆಯುವಂತೆ ಸಿಗುತ್ತದೆ. ಪೈಥಾನ್‌ಗೆ ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದ 'ಥಾನಿ' ಸಾಕು. ಪ್ರೋಗ್ರಾಂ ಒಂದೊಂದೇ ಹೆಜ್ಜೆ ಓಡುವಾಗ ವೇರಿಯಬಲ್ ಬೆಲೆ ಬದಲಾಗುವುದನ್ನು ಅದು ಪಕ್ಕದಲ್ಲೇ ತೋರಿಸುತ್ತದೆ. ಎರಡೂ ಉಚಿತ, ಹಳೆಯ ಕಂಪ್ಯೂಟರಿಗೆ ಉಬುಂಟು ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿದರೆ ಅದರ ಮೇಲೂ ಥಾನಿ ಓಡುತ್ತದೆ.

ಹೆಜ್ಜೆ 5: ಮಕ್ಕಳು ಎಲ್ಲಿ ಎಡವುತ್ತಾರೆ ಎಂಬುದನ್ನು ಕಲಿಯಿರಿ

ಇಡೀ ತಯಾರಿಯ ಜೀವಾಳ ಇದು. ಕೋಡ್ ಬರೆಯಲು ಬರುವ ಎಂಜಿನಿಯರ್‌ಗೂ ಕೋಡ್ ಕಲಿಸುವ ಶಿಕ್ಷಕರಿಗೂ ಇರುವ ವ್ಯತ್ಯಾಸ ಇಲ್ಲೇ ಇದೆ. ಐದು ದಿನದ ತರಬೇತಿಗಳಲ್ಲಿ ಇದಕ್ಕೆ ಜಾಗ ಸಿಗುವುದಿಲ್ಲ. ನೀವು ಇದಕ್ಕೇ ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಿ.

ಈ ಸಾಲುಗಳನ್ನು ಬೋರ್ಡಿನ ಮೇಲೆ ಬರೆಯಿರಿ. ಪೈಥಾನ್ 3ರಲ್ಲಿ ವೇರಿಯಬಲ್‌ಗೆ ಕನ್ನಡದ ಹೆಸರು ಇಡಬಹುದು, ಹಾಗಾಗಿ ಇದು ನಿಜವಾಗಿ ಓಡುವ ಕೋಡ್:

ಅಂಕ = 10
ಬೋನಸ್ = 5
ಒಟ್ಟು = ಅಂಕ + ಬೋನಸ್
ಬೋನಸ್ = 20

ಈಗ 'ಒಟ್ಟು' ಎಷ್ಟು? ಸರಿಯುತ್ತರ 15. 30 ಎನ್ನುವ ಮಕ್ಕಳು ಬಹಳ. ಅವರು ಪೆದ್ದರಲ್ಲ. ಗಣಿತದಲ್ಲಿ ಸಮಚಿಹ್ನೆ ಎಂದರೆ ಎರಡೂ ಕಡೆ ಯಾವಾಗಲೂ ಸಮ. ಸ್ಪ್ರೆಡ್‌ಶೀಟ್‌ನಲ್ಲಿ ಇದೇ ಸೂತ್ರ ಹಾಕಿದರೆ 30 ಎಂದೇ ಬರುತ್ತದೆ. ಹಾಗಾಗಿ ಎಕ್ಸೆಲ್ ಚೆನ್ನಾಗಿ ಬಲ್ಲ ಶಿಕ್ಷಕರೂ ಇಲ್ಲಿ ಎಡವಬಹುದು. ಇಲ್ಲಿ ಸಮಚಿಹ್ನೆಯ ಅರ್ಥ "ಬಲಗಡೆಯದನ್ನು ಈಗಲೇ ಲೆಕ್ಕ ಮಾಡಿ ಎಡಗಡೆಯ ಹೆಸರಿಗೆ ಬರೆದಿಡು" ಎಂದು ಹೇಳಿಕೊಡಬೇಕು.

ಇನ್ನೊಂದು:

ಅ = 5
ಬ = 8
ಅ = ಬ
ಬ = ಅ

ಕೊನೆಗೆ ಎರಡೂ 8. ಅದಲು ಬದಲಾಗಿದೆ ಎಂದು ಮಕ್ಕಳು ಹೇಳುತ್ತಾರೆ. ವೇರಿಯಬಲ್ ಎಂದರೆ ಡಬ್ಬಿ ಎಂದು ಕಲಿಸಿದ್ದರೆ ಇನ್ನೂ ವಿಚಿತ್ರ ಉತ್ತರ ಬರುತ್ತದೆ. ಮೂರನೇ ಸಾಲಾದ ಮೇಲೆ 'ಬ' ಖಾಲಿ ಎನ್ನುವವರು ಕೆಲವರು, 'ಅ'ದಲ್ಲಿ 5 ಮತ್ತು 8 ಎರಡೂ ಇವೆ ಎನ್ನುವವರು ಕೆಲವರು. ಡಬ್ಬಿಯಿಂದ ತೆಗೆದರೆ ಖಾಲಿಯಾಗಬೇಕು, ಹಾಕಿದರೆ ಸೇರಬೇಕು, ಅವರ ತರ್ಕ ಸರಿಯೇ. ನನಗೆ ಸ್ಲೇಟು ವಾಸಿ ಅನ್ನಿಸುತ್ತದೆ. ಒಂದು ಸ್ಲೇಟು ನೋಡಿ ಇನ್ನೊಂದರಲ್ಲಿ ಬರೆದುಕೊಂಡರೆ ಮೊದಲನೆಯದು ಹಾಗೇ ಇರುತ್ತದೆ, ಹೊಸದು ಬರೆಯಲು ಹಳೆಯದನ್ನು ಒರೆಸಲೇಬೇಕು. ಇಬ್ಬರು ಶಿಕ್ಷಕರ ಕೈಗೆ ನಿಜವಾದ ಸ್ಲೇಟು ಕೊಟ್ಟು ನಾಲ್ಕು ಸಾಲನ್ನೂ ಆಡಿಸಿ. ಅದಲು ಬದಲು ಮಾಡಲು ಮೂರನೇ ಸ್ಲೇಟು ಬೇಕು ಎಂದು ಅವರೇ ಕೇಳುತ್ತಾರೆ.

ಷರತ್ತಿಗೆ ಮಕ್ಕಳ ಲೋಕದ್ದೇ ಉದಾಹರಣೆ ಇದೆ. ಒಂದು ಪರೀಕ್ಷೆಯಲ್ಲಿ 35 ಬಂದರೆ ಪಾಸು ಎಂದಿಟ್ಟುಕೊಳ್ಳಿ. "ಅಂಕ 35ಕ್ಕಿಂತ ಜಾಸ್ತಿ ಇದ್ದರೆ ಪಾಸು" ಎಂದು ಮಗು ಬರೆಯುತ್ತದೆ. ಸರಿಯಾಗಿ 35 ಬಂದವನ ಗತಿ? ಪ್ರೋಗ್ರಾಂ ಅವನನ್ನು ಫೇಲ್ ಮಾಡಿರುತ್ತದೆ. ಪರೀಕ್ಷಿಸುವಾಗ 34, 35, 36 ಮೂರನ್ನೂ ಕೊಟ್ಟು ನೋಡಬೇಕು ಎಂಬ ಪಾಠ ಇಲ್ಲಿಂದ ತಾನಾಗಿ ಬರುತ್ತದೆ. ಮುಂದೆ 60ಕ್ಕೆ ಫಸ್ಟ್ ಕ್ಲಾಸ್ ಸೇರಿಸಿ. 35ರ ಷರತ್ತನ್ನು ಮೊದಲು ಇಟ್ಟು, "ಇಲ್ಲದಿದ್ದರೆ 60 ಇದೆಯಾ ನೋಡು" ಎಂದರೆ 72 ತೆಗೆದ ಹುಡುಗಿಗೂ ಬರೀ 'ಪಾಸ್' ಎಂದು ಬರುತ್ತದೆ. ಎರಡು ಬೇರೆ ಬೇರೆ ಷರತ್ತು ಬರೆದರೆ 'ಪಾಸ್' ಮತ್ತು 'ಫಸ್ಟ್ ಕ್ಲಾಸ್' ಎರಡೂ ಬರುತ್ತವೆ. ಈ ಮೂರನ್ನೂ ಶಿಕ್ಷಕರು ಕೈಯಾರೆ ಓಡಿಸಿ ನೋಡಲಿ.

ಕಂಪ್ಯೂಟರಿಗೆ ನಮ್ಮ ಮನಸ್ಸು ಗೊತ್ತು ಎಂಬ ನಂಬಿಕೆ ಎಲ್ಲಕ್ಕಿಂತ ಆಳದ್ದು. ರಾಯ್ ಪೀ ಎಂಬ ಸಂಶೋಧಕರು 1986ರಲ್ಲೇ ಇದನ್ನು ಗುರುತಿಸಿ 'ಸೂಪರ್‌ಬಗ್' ಎಂದು ಕರೆದರು. ವೇರಿಯಬಲ್‌ಗೆ 'ದೊಡ್ಡದು' ಎಂದು ಹೆಸರಿಟ್ಟರೆ ಅದರಲ್ಲಿ ದೊಡ್ಡ ಸಂಖ್ಯೆಯೇ ಬಂದು ಕೂರುತ್ತದೆ ಎಂದು ಮಗು ನಂಬುತ್ತದೆ. ಆ ಹೆಸರನ್ನು ಎಲ್ಲ ಕಡೆ 'ಬಾಳೆಹಣ್ಣು' ಎಂದು ಬದಲಿಸಿ ಮತ್ತೆ ಓಡಿಸಲು ಹೇಳಿ. ಉತ್ತರ ಅದೇ ಬಂದಾಗ, ಹೆಸರು ಇರುವುದು ಓದುವ ಮನುಷ್ಯರಿಗೆ ಎಂಬುದು ತಿಳಿಯುತ್ತದೆ.

ಪ್ರತಿ ಶಿಕ್ಷಕರೂ ಒಂದು ಪುಸ್ತಕ ಇಡಲಿ. ಒಂದು ಪ್ರಶ್ನೆ, ಮಕ್ಕಳು ಕೊಡಬಹುದಾದ ಮೂರು ತಪ್ಪು ಉತ್ತರ, ಪ್ರತಿಯೊಂದರ ಹಿಂದಿನ ಯೋಚನೆ, ಆಗ ನಾನು ಕೇಳುವ ಮುಂದಿನ ಪ್ರಶ್ನೆ. ವರ್ಷಾಂತ್ಯಕ್ಕೆ ಇಂಥ ಮೂವತ್ತು ಪುಟ ತುಂಬಿದ್ದರೆ ಆ ಶಿಕ್ಷಕರು ತಯಾರಾಗಿದ್ದಾರೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಹೆಜ್ಜೆ 6: ವಿವರಣೆ ಕನ್ನಡದಲ್ಲೇ ಇರಲಿ

ಲೂಪ್, ವೇರಿಯಬಲ್, ಫಂಕ್ಷನ್ ಎಂಬ ಹೆಸರುಗಳನ್ನು ಹಾಗೇ ಇಟ್ಟುಕೊಳ್ಳಿ, ಮುಂದೆ ಪಿಯುಸಿಗೂ ಅವೇ ಬೇಕು. ಆದರೆ ಯೋಚನೆ, ಜಗಳ, ಪ್ರಶ್ನೆ ಎಲ್ಲ ಮಗುವಿನ ಮಾತಿನಲ್ಲೇ ನಡೆಯಲಿ. ಕನ್ನಡ ಮಾಧ್ಯಮದ ಮಗು ಹೆದರುವುದು ತರ್ಕಕ್ಕಲ್ಲ, ಕೆಂಪು ಅಕ್ಷರದಲ್ಲಿ ಬರುವ ಇಂಗ್ಲಿಷ್ ಎರರ್ ಸಂದೇಶಕ್ಕೆ.

ಅದಕ್ಕೊಂದು ಗೋಡೆಪಟ ಮಾಡಿ. ನೇಮ್ ಎರರ್: "ಈ ಹೆಸರು ನನಗೆ ಗೊತ್ತಿಲ್ಲ, ಸ್ಪೆಲಿಂಗ್ ನೋಡು." ಇಂಡೆಂಟೇಶನ್ ಎರರ್: "ಸಾಲಿನ ಶುರುವಿನಲ್ಲಿ ಬಿಟ್ಟ ಜಾಗ ಹೊಂದುತ್ತಿಲ್ಲ." ಸಿಂಟ್ಯಾಕ್ಸ್ ಎರರ್: "ಬರೆದ ರೀತಿ ಸರಿಯಿಲ್ಲ, ಕಂಸ ಮುಚ್ಚಿದ್ದೀಯಾ, ಕೋಲನ್ ಹಾಕಿದ್ದೀಯಾ?" ಮೂರು ನಾಲ್ಕು ಸಂದೇಶ ಗೊತ್ತಾದರೆ ಮಕ್ಕಳು ಸರ್ ಸರ್ ಎಂದು ಕೂಗುವುದು ಅರ್ಧ ಕಡಿಮೆಯಾಗುತ್ತದೆ.

ಹೆಜ್ಜೆ 7: ಮಕ್ಕಳ ಮುಂದೆ ಹೋಗುವ ಮೊದಲು ಹದಿನೈದು ನಿಮಿಷ

ಬಿಎಡ್‌ನಲ್ಲಿ ಸಹಪಾಠಿಗಳ ಮುಂದೆ ಚಿಕ್ಕ ಪಾಠ ಮಾಡಿದ ಮೈಕ್ರೋ ಟೀಚಿಂಗ್ ಎಲ್ಲರಿಗೂ ನೆನಪಿರುತ್ತದೆ. ಅದನ್ನೇ ಇಲ್ಲಿ ಮಾಡಿ, ಒಂದು ಬದಲಾವಣೆಯೊಂದಿಗೆ. ಒಬ್ಬರು ಪಾಠ ಮಾಡುವಾಗ ಕೇಳುವ ಐವರಲ್ಲಿ ಇಬ್ಬರಿಗೆ ಗುಟ್ಟಾಗಿ ಚೀಟಿ ಕೊಡಿ: "ಬೋನಸ್ ಲೆಕ್ಕದಲ್ಲಿ 'ಒಟ್ಟು' 30 ಎಂದೇ ನೀವು ನಂಬಿದ್ದೀರಿ, ಬೇಗ ಒಪ್ಪಬೇಡಿ." ಪಾಠ ಮಾಡುವವರು ಉತ್ತರ ಹೇಳಿಬಿಡುತ್ತಾರಾ, ಅಥವಾ ಪ್ರಶ್ನೆ ಕೇಳಿ ಅವರನ್ನು ದಾರಿಗೆ ತರುತ್ತಾರಾ? ನೋಡುವವರು ಇದೊಂದನ್ನೇ ಬರೆದುಕೊಳ್ಳಲಿ. ಬೋರ್ಡಿನ ಅಕ್ಷರ, ಧ್ವನಿಯ ಏರಿಳಿತದ ಚರ್ಚೆ ಈ ಸಲ ಬೇಡ.

ಹೆಜ್ಜೆ 8: ಹತ್ತು ಕಂಪ್ಯೂಟರ್, ನಲವತ್ತು ಮಕ್ಕಳು

ಅರ್ಧ ತರಗತಿ ಲ್ಯಾಬ್‌ನಲ್ಲಿ, ಇನ್ನರ್ಧ ಪಾರ್ಸನ್ಸ್ ಚೀಟಿಗಳ ಜೊತೆ. ಇಬ್ಬರು ಶಿಕ್ಷಕರು ಬೇಕು ಎಂದದ್ದು ಇದಕ್ಕೂ ಉಪಯೋಗ. ಕಂಪ್ಯೂಟರಿಗೆ ಇಬ್ಬರು ಮಕ್ಕಳು, ಒಬ್ಬರ ಕೈ ಕೀಬೋರ್ಡಿನ ಮೇಲೆ, ಇನ್ನೊಬ್ಬರ ಕೆಲಸ ಏನು ಮಾಡಬೇಕೆಂದು ಹೇಳುವುದು. ಹತ್ತು ನಿಮಿಷಕ್ಕೊಮ್ಮೆ ಗಂಟೆ ಹೊಡೆದು ಜಾಗ ಬದಲಿಸಿ. ಬಿಟ್ಟರೆ ಮೌಸ್ ಹಿಡಿದ ಹುಡುಗ ಕೊನೆಯವರೆಗೂ ಬಿಡುವುದಿಲ್ಲ, ಪಕ್ಕದ ಹುಡುಗಿ ನೋಡುತ್ತಾ ಕೂರುತ್ತಾಳೆ. ಕಂಪ್ಯೂಟರ್ ನನಗಲ್ಲ ಎಂಬ ಭಾವನೆ ಅವಳಿಗೆ ಬರುವುದು ಇಂಥ ಕಡೆಯೇ. ಶಿಕ್ಷಕರಿಗೂ ಒಂದು ನಿಯಮ: ಮಗುವಿನ ಮೌಸ್ ಮುಟ್ಟಬೇಡಿ, ಬಾಯಲ್ಲಿ ಹೇಳಿ. ಪಾಲಿಸಲು ಬಹಳ ಕಷ್ಟ, ತರಬೇತಿಯಲ್ಲೇ ರೂಢಿಯಾಗಬೇಕು.

ಹೆಜ್ಜೆ 9: ಜುಲೈನಿಂದ ಮಾರ್ಚ್‌ವರೆಗೆ ಜೊತೆಗಿರಿ

ತಿಂಗಳಿಗೆ ಒಂದು ದಿನ ಹತ್ತಿರದ ಶಾಲೆಗಳವರು ಸೇರಲಿ. ಎಲ್ಲರೂ ತಮ್ಮ ತರಗತಿಯಿಂದ ಒಂದೊಂದು ತಪ್ಪು ಉತ್ತರ ತರಬೇಕು, ಚರ್ಚೆ ಅದರ ಮೇಲೆ. ದಸರಾ ರಜೆಯಾದ ಮೇಲೆ ಎರಡು ದಿನ ಪೈಥಾನ್ ಸುತ್ತು. ನಡುವೆ ವಾಟ್ಸಾಪ್ ಗುಂಪು ಇರಲಿ, ಆದರೆ ಅದರಲ್ಲಿ ಸುತ್ತೋಲೆ, ಶುಭೋದಯ ಬೇಡ ಎಂದು ಮೊದಲೇ ಹೇಳಿ.

ಮುಖ್ಯ ಶಿಕ್ಷಕರು ಮಾಡಬೇಕಾದ್ದು ಮೂರು. ವಾರಕ್ಕೆ ಎರಡು ಪೀರಿಯಡ್ ವೇಳಾಪಟ್ಟಿಯಲ್ಲಿ ಬರೆದು, ಅದನ್ನು ಬೇರೆ ವಿಷಯಕ್ಕೆ ಕೊಡದಿರುವುದು. ತಿಂಗಳ ಸಭೆಗೆ ಓಓಡಿ (ಶಾಲೆಯ ಹೊರಗಿನ ಕರ್ತವ್ಯಕ್ಕೆ ಅನುಮತಿ) ಕೊಡುವುದು. ಕಂಪ್ಯೂಟರ್ ಶಿಕ್ಷಕರ ತಲೆಗೆ ಶಾಲೆಯ ಡೇಟಾ ಎಂಟ್ರಿಯನ್ನೆಲ್ಲ ಕಟ್ಟದಿರುವುದು. ಮೂರನೆಯದು ತಪ್ಪಿದರೆ ಪಾಠದ ತಯಾರಿಗೆ ಅವರಿಗೆ ಸಮಯವೇ ಉಳಿಯುವುದಿಲ್ಲ.

ಹೆಜ್ಜೆ 10: ಮೌಲ್ಯಮಾಪನ

ಸಿಪಿಯು ವಿಸ್ತೃತ ರೂಪ ಬರೆಯಿರಿ ಎಂಬಂಥ ಪ್ರಶ್ನೆಗಳನ್ನು ಪತ್ರಿಕೆಯಿಂದ ತೆಗೆಯಿರಿ. ಬದಲಿಗೆ ಕೋಡ್ ಕೊಟ್ಟು ಫಲಿತಾಂಶ ಊಹಿಸಲು, ತಪ್ಪು ಹುಡುಕಲು, ಸಾಲು ಜೋಡಿಸಲು ಕೇಳಿ. ಮಗು ಮಾಡಿದ ಪ್ರಾಜೆಕ್ಟ್ ಮುಂದೆ ಇಟ್ಟುಕೊಂಡು ಎರಡು ನಿಮಿಷ ಮೌಖಿಕವಾಗಿ ಮಾತಾಡಿ: "ಈ ಸಾಲು ತೆಗೆದರೆ ಏನಾಗುತ್ತೆ?" ಬೇರೆಯವರು ಮಾಡಿಕೊಟ್ಟದ್ದಾದರೆ ಇಲ್ಲೇ ಗೊತ್ತಾಗುತ್ತದೆ.

ಶಿಕ್ಷಕರ ಪ್ರಮಾಣಪತ್ರವೂ ಹಾಜರಾತಿ ನೋಡಿ ಕೊಡುವಂಥದ್ದಾಗಬಾರದು. ತಾವು ಮಾಡಿದ ನಾಲ್ಕು ಪಾಠಯೋಜನೆ, ಒಂದು ಪಾಠದ ವಿಡಿಯೋ, ಮಕ್ಕಳ ಕೆಲಸದ ಮಾದರಿಗಳು ಮತ್ತು ಆ ತಪ್ಪು ಉತ್ತರಗಳ ಪುಸ್ತಕ, ಇವನ್ನು ತಂದು ತೋರಿಸಲಿ. ಪುಸ್ತಕದ ಒಂದು ಪುಟ ತೆರೆದು, "ಈ ಮಗುವಿಗೆ ಆಮೇಲೆ ಏನು ಕೇಳಿದಿರಿ?" ಎಂದು ವಿಚಾರಿಸಿ. ಚೆನ್ನಾಗಿ ಉತ್ತರಿಸಿದವರಲ್ಲಿ ಕೆಲವರನ್ನು ಮುಂದಿನ ಮೇ ತಿಂಗಳ ಸುತ್ತಿಗೆ ಸಂಪನ್ಮೂಲ ವ್ಯಕ್ತಿಗಳಾಗಿ ಕರೆಯಿರಿ. ಅವರ ಪುಸ್ತಕಗಳ ಜೆರಾಕ್ಸ್ ಹೊಸ ತಂಡಕ್ಕೆ ಮೊದಲ ದಿನವೇ ಸಿಗಲಿ.